ಮಾಮಾನ ಹೆಸರಿನಲ್ಲಿ ಒಂದು ಎಕ್ಸ್‌ರೇ

ನಾನು ಫಾರಿನ್‌ಗೆ ಹೋಗಿ ಬಂದವನೆಂದು ನಂಬಿರುವ ಕೆಲವರು ಬೈಲಹೊಂಗಲದಲ್ಲಿ ಈಗಲೂ ಇದ್ದಾರೆ. ನಾನು ಮರಳಿ ಬಂದಾಗ ನಮ್ಮ ಹೈಸ್ಕೂಲಿನಲ್ಲಿ ಒಂದು ಸತ್ಕಾರವೂ ಆಯಿತು. ಹೆಡ್ ಮಾಸ್ತರರು ಶಾಲು ಹೊದಿಸಿ, "ಅರಬ್ಬರ ಉಸುಕಿನಲ್ಲಿ ದುಡಿದೂ ಮೈಕೈ ತುಂಬಿಕೊಂಡು ಬಂದ ನಮ್ಮ ಡ್ರಿಲ್ ಮಾಸ್ತರರು" ಎಂದು ಹೊಗಳಿದರು. ನಾನು ಕೈಮುಗಿದು ಸುಮ್ಮನೆ ಕೂತಿದ್ದೆ. ನಾನು ಕಂಡ ವಿದೇಶದ ಹೆಸರು ಡೊಂಬಿವಲಿ. ಅಲ್ಲಿ ಉಸುಕು ಇರಲಿಲ್ಲ. ಮೈಕೈ ತುಂಬಿದ್ದು ಮಾತ್ರ ನಿಜ, ಅದಕ್ಕೆ ಕಾರಣ ನನ್ನ ಅಕ್ಕ ಮತ್ತು ಯಾರದೋ ಮನೆಯ ಕೋಳಿಗಳು. ಪ್ರವಾಸದ ಅನುಭವ ಬರೆಯಿರಿ ಎಂದು ಅಂದಿನಿಂದ ಬೆನ್ನುಹತ್ತಿರುವ ಗೆಳೆಯರಿಗಾಗಿ ಈಗ ಬರೆಯುತ್ತಿದ್ದೇನೆ. ಓದಿದ ಮೇಲೆ ಯಾರೂ ಶಾಲು ವಾಪಸು ಕೇಳಬಾರದು.

ಬೈಲಹೊಂಗಲ

ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ನಾಗರಪಂಚಮಿಗೆಂದು ಅಕ್ಕ ಡೊಂಬಿವಲಿಯಿಂದ ತವರಿಗೆ ಬಂದಳು. ಬಂದವಳು ಉಂಡಿ ಕಟ್ಟುವುದನ್ನು ಬಿಟ್ಟು ನನ್ನ ಎದೆಯನ್ನೇ ನೋಡತೊಡಗಿದಳು. ನಾನು ದಿನಾ ಬೆಳಿಗ್ಗೆ ಅಂಗಳದಲ್ಲಿ ಬರಿಮೈಯಲ್ಲಿ ಸೂರ್ಯನಮಸ್ಕಾರ ಹಾಕುವವನು. ಓಣಿಯವರು ನೋಡಲಿ ಎಂದೇ ಅಂಗಳದಲ್ಲಿ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

"ತಮ್ಮಾ, ನಿನ್ನ ಎದೀ ಒಂದಿನದ ಮಟ್ಟಿಗೆ ಕೊಡ್ತೀಯೇನೋ?" ಎಂದು ಕೇಳಿದಳು.

ಅಕ್ಕನ ಗಂಡ ಈರಪ್ಪ ನಮ್ಮ ಅವ್ವನ ಕೊನೆಯ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ವಾಡಿಕೆಯಾದ್ದರಿಂದ ಆತ ನನಗೆ ಹುಟ್ಟಿನಿಂದ ಮಾಮಾ, ಆಮೇಲೆ ಭಾವ. ವಯಸ್ಸಿನಲ್ಲಿ ಸ್ವಲ್ಪವೇ ದೊಡ್ಡವನು. ಅವ್ವನ ತವರಿನ ಮೂಗು, ಹಣೆ, ದಪ್ಪ ಹುಬ್ಬು ಅವನಿಗೂ ಇದ್ದವು, ನನಗೂ ಬಂದಿದ್ದವು. ಈ ಮೂಗೇ ನಮ್ಮ ಯೋಜನೆಯ ಅಡಿಪಾಯ.

ಈರಪ್ಪ ಮಾಮಾ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಟ್ಟೆಗೆ ಹಚ್ಚುವ ಬಣ್ಣದ ಪುಡಿ ಅಲ್ಲಿ ತಯಾರಾಗುತ್ತಿತ್ತು. ಆ ಘಾಟಿಗೆ ಅವನಿಗೆ ಕೆಮ್ಮು ಅಂಟಿಕೊಂಡು ಬಿಟ್ಟೇ ಇರಲಿಲ್ಲ. ಈಗ ಏಜಂಟನೊಬ್ಬ ಗಲ್ಫಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಪಂಪಿನ ಕೆಲಸ ಕೊಡಿಸುತ್ತೇನೆ ಎಂದಿದ್ದ. ಅಲ್ಲಿ ಘಾಟಿಲ್ಲ, ಹೊಗೆಯಿಲ್ಲ. ಆದರೆ ವಿಮಾನ ಹತ್ತುವ ಮೊದಲು ಎದೆಯ ಎಕ್ಸ್‌ರೇ ಆಗಬೇಕು, ಅದರ ಮೇಲೆ 'ಫಿಟ್' ಎಂಬ ಶಿಕ್ಕಾ ಬೀಳಬೇಕು.

"ಅವರ ಎದೀ ಫೋಟೋ ತಗದ್ರ ಕೆಟ್ಟು ಬರ್ತದಂತ ಚಾಳಿನ ಮಂದಿ ಎಲ್ಲಾ ಹೇಳ್ತಾರ," ಎಂದಳು ಅಕ್ಕ. "ಆ ಫ್ಯಾಕ್ಟರಿ ಬಿಡಿಸಲಿಲ್ಲಂದ್ರ ನನ್ನ ಕುಂಕುಮಾ ಉಳಿಯೂದಿಲ್ಲೋ ಚನ್ನಬಸು."

ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಎದೆ ಉಬ್ಬಿಸಿ, "ಅಕ್ಕಾ, ಈ ಎದೀಗೆ ಶಿಕ್ಕಾ ಬೀಳದಿದ್ರ ಬೆಳಗಾವಿ ಜಿಲ್ಹಾದಾಗ ಯಾರ ಎದೀಗೂ ಬೀಳೂದಿಲ್ಲ" ಎಂದೆ. ಹಾಗೆ ಎದೆ ಉಬ್ಬಿಸಿದಾಗ ಸಣ್ಣಗೆ ಕೆಮ್ಮು ಬಂತು. ಬೋರ್ಡಿನ ಮೇಲೆ ಬರೆಯುವ ಖಡುವಿನ ಧೂಳು ಎಂದು ಹೇಳಿದೆ. ಶಾಲೆಗೆ ಪಗಾರವಿಲ್ಲದ ರಜೆ ಬರೆದುಕೊಟ್ಟು ಅಕ್ಕನ ಸಂಗಡ ಹೊರಟೆ.

ಮೀರಜ್

ಬೆಳಗಾವಿಯಿಂದ ಸಣ್ಣ ಹಳಿಯ ಗಾಡಿ, ಮೀರಜಿನಲ್ಲಿ ಇಳಿದು ದೊಡ್ಡ ಹಳಿಯ ಗಾಡಿ. ಎರಡರ ನಡುವೆ ಬಹಳ ಹೊತ್ತು ಕಾಯಬೇಕಿತ್ತು. ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಕೂತಿದ್ದವರಿಗೆ ಪ್ರಾಣಾಯಾಮದ ಮಹತ್ವ ಹೇಳತೊಡಗಿದೆ. ಬರಿ ಮಾತಾಗಬಾರದೆಂದು ದೀರ್ಘವಾಗಿ ಉಸಿರೆಳೆದು ತೋರಿಸಿದೆ. ಅರ್ಧಕ್ಕೇ ಕೆಮ್ಮು ಹತ್ತಿ ಕಂಬ ಹಿಡಿದುಕೊಂಡು ನಿಲ್ಲಬೇಕಾಯಿತು. ಒಬ್ಬ ಮುದುಕಿ ತನ್ನ ತಂಬಿಗೆಯ ನೀರು ಕೊಟ್ಟು, "ಕುಂದರಪ್ಪಾ, ಆಮೇಲೆ ಕಲಿಸೀಯಂತ" ಎಂದಳು. ಇಂಜಿನ್ನಿನ ಹೊಗೆ ಎಂದೆ. ಇಂಜಿನ್ ಇನ್ನೂ ಬಂದಿರಲಿಲ್ಲ.

ಕಲ್ಯಾಣ

ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿಯಬೇಕು. ಅಕ್ಕ ಸೆರಗು ಬಿಗಿದು, ಚೀಲ ಎದೆಗವಚಿ, "ನನ್ನ ಬೆನ್ನಿಗೇ ಬಾ, ಯಾರಿಗೂ ಜಾಗಾ ಬಿಡಬ್ಯಾಡ" ಎಂದಳು. ಊರಲ್ಲಿ ದೊಡ್ಡ ದನಿಯಲ್ಲಿ ಮಾತಾಡದ ನನ್ನ ಅಕ್ಕ ನಾಲ್ಕು ಜನರನ್ನು ಮೊಳಕೈಯಿಂದ ಸರಿಸಿ ಹತ್ತಿದ್ದು ನೋಡಿ ನಾನು ಬೆರಗಾಗಿ ನಿಂತೆ. ನಿಂತದ್ದೇ ತಪ್ಪಾಯಿತು. ಜನ ನನ್ನನ್ನು ಎತ್ತಿಕೊಂಡು ಇನ್ನೊಂದು ಡಬ್ಬಿಗೆ ತುಂಬಿದರು. ನನ್ನ ಕಾಲು ನೆಲಕ್ಕೆ ತಾಗಿದ್ದು ನೆನಪಿಲ್ಲ.

ಒಳಗೆ ನಾನು ಡ್ರಿಲ್ ಮಾಸ್ತರನ ದನಿಯಲ್ಲಿ "ಲೈನ್, ಲೈನ್" ಎಂದೆ. ಯಾರೋ ಒಬ್ಬರು ನನ್ನ ತಲೆಯ ಮೇಲೆ ಪೇಪರ್ ಬಿಡಿಸಿ ಓದತೊಡಗಿದರು. ಡೊಂಬಿವಲಿ ಬಂತು. ಹತ್ತುವವರು ಎಷ್ಟಿದ್ದರೆಂದರೆ ಇಳಿಯುವ ಮಾತೇ ಇರಲಿಲ್ಲ. ಅಕ್ಕ ಕೆಳಗೆ ನಿಂತು ನನ್ನನ್ನು ಹುಡುಕುತ್ತಿರುವುದು ಕಾಣಿಸಿತು. ಕೈ ಎತ್ತೋಣವೆಂದರೆ ಕೈ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಮುಂದಿನ ಸ್ಟೇಷನ್ ದಿವಾದಲ್ಲಿ ಯಾರೋ ಪುಣ್ಯಾತ್ಮರು ನನ್ನನ್ನು ಹೊರಗೆ ನೂಕಿದರು.

ಡೊಂಬಿವಲಿ

ನಮ್ಮೂರಲ್ಲಿ ಹಳ್ಳದ ನೀರು ಮಳೆಗಾಲದಲ್ಲಿ ಕೆಂಪು, ಬೇಸಿಗೆಯಲ್ಲಿ ಇರುವುದೇ ಇಲ್ಲ. ಅಕ್ಕ ಇದ್ದ ಚಾಳಿನ, ಅಂದರೆ ಒಂದೊಂದೇ ಖೋಲಿಯ ಮನೆಗಳ ವಠಾರದ, ಹಿಂದಿನ ನಾಲಾಕ್ಕೆ ಋತುಮಾನದ ಹಂಗಿರಲಿಲ್ಲ. ನಾನು ಹೋದ ದಿನ ಗುಲಾಬಿ, ಮರುದಿನ ಹಸಿರು. ಕಾರ್ಖಾನೆಯಲ್ಲಿ ಯಾವ ಆರ್ಡರ್ ನಡೆದಿದೆ ಎಂಬುದನ್ನು ಹೆಂಗಸರು ನಾಲಾ ನೋಡಿಯೇ ಹೇಳುತ್ತಿದ್ದರು. ಗಾಳಿಗೆ ಕೊಳೆತ ತತ್ತಿಯ ವಾಸನೆ. ನಾನು ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಓಡಾಡಿದೆ.

ಈರಪ್ಪ ಮಾಮಾ ಪಾಳಿ ಮುಗಿಸಿ ಬಂದ. ಮೊಳಕೈವರೆಗೆ ಅರಿಷಿಣ ಬಣ್ಣ, ಉಗುರಿನ ಸಂದಿಯಲ್ಲೂ ಅದೇ. ಎಷ್ಟು ತಿಕ್ಕಿದರೂ ಹೋಗುವುದಿಲ್ಲವಂತೆ. ಅವನ ದಿಂಬಿನ ಮೇಲೆ ತಲೆಯ ಆಕಾರದ ಹಳದಿ ಕಲೆಯಿತ್ತು.

"ಮಾಮಾ, ನಿನಗ ವರ್ಷಪೂರ್ತಿ ಹೋಳಿಹುಣ್ಣಿವಿ" ಎಂದು ನಗಿಸಲು ನೋಡಿದೆ.

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ: "ಈ ಬಣ್ಣಾ ಮದಲ ಇದನ್ನ ಕೊಳ್ಳೂ ಬಿಳೇ ಮಂದಿ ದೇಶದಾಗ ಮಾಡ್ತಿದ್ರಂತೋ. ಅಲ್ಲಿ ಮಂದಿ ಜಡ್ಡಾದ್ರಂತ ಬಂದ್ ಮಾಡ್ಯಾರ. ಅವರಿಗೆ ಬಣ್ಣದ ಅರಿವಿ ಬೇಕು, ಬಣ್ಣಾ ಮಾಡೂದು ಬ್ಯಾಡ. ಅದಕ್ಕ ನಮಗ ಓವರ್‌ಟೈಮ್ ಸಿಗ್ತದ. ಡ್ರಮ್ಮಿನ ಮ್ಯಾಲ ಅಲ್ಲಿ ಬಂದರದ ಹೆಸರು ನಾನಽ ಬರೀತೀನಿ."

"ಅಂದ್ರ ಡ್ರಮ್ಮು ಫಾರಿನ್‌ಗೆ ಹೋಗ್ತದ, ನೀ ಹೋಗವಲ್ಲಿ" ಎಂದೆ.

"ಡ್ರಮ್ಮಿಗೆ ಎಕ್ಸ್‌ರೇ ಇಲ್ಲಲ್ಲೋ."

ಪಕ್ಕದ ಖೋಲಿಯ ಶೀನಣ್ಣ ಅಷ್ಟರಲ್ಲಿ ಬಂದರು. ಕುಂದಾಪುರದ ಕಡೆಯವರು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವರು. ಅವರ ಬಳಗದ ಅರ್ಧ ಜನ ಗಲ್ಫಿನಲ್ಲಿದ್ದುದರಿಂದ ಈ ವಿಷಯದಲ್ಲಿ ಅವರ ಮಾತೇ ಕೊನೆ. ನನ್ನ ಸುತ್ತ ಒಂದು ಸುತ್ತು ಹಾಕಿ, ಜಾತ್ರೆಯಲ್ಲಿ ಎತ್ತು ನೋಡಿದ ಹಾಗೆ ನೋಡಿದರು.

"ಎದೆ ಅಡ್ಡಿಲ್ಲ ಮಾಸ್ಟ್ರೆ. ಆದರೆ ಆ ಮೀಸೆ ತೆಗೀಬೇಕು. ಪಾಸ್‌ಪೋರ್ಟಿನ ಫೋಟೋದಲ್ಲಿ ಈರಪ್ಪನವರಿಗೆ ಮೀಸೆ ಇಲ್ಲ ಮಾರಾಯ್ರೆ."

ಹನ್ನೆರಡು ತರಗತಿಗಳನ್ನು ಹೆದರಿಸಿದ ಮೀಸೆ ಅದು. ಮರುದಿನ ಬೆಳಿಗ್ಗೆ ಅದೂ ಹೋಯಿತು. ಅಕ್ಕನ ಮಗಳು ಸುಮಾ ಎಂಟನೇ ಇಯತ್ತೆಯಲ್ಲಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ನನ್ನ ಬೋಳು ಮುಖ ನೋಡಿ "ಛಾನ್" ಎಂದಳು. ಅಂದರೆ ಚೆನ್ನಾಗಿದೆ ಎಂದು. ನಾನು ನಂಬಲಿಲ್ಲ.

ಠಾಣೆ

ಠಾಣೆ ಶಹರದಲ್ಲಿ ಮಾಜಿವಾಡಾದ ಹತ್ತಿರ ಏಜಂಟ್ ಹೇಳಿದ ದವಾಖಾನೆ. ಹೊರಗಿನ ಬೆಂಚಿನ ಮೇಲೆ ಗಂಡಸರು ಸಾಲಾಗಿ ಕೂತಿದ್ದರು. ಕೇರಳದವರು, ರತ್ನಾಗಿರಿಯವರು, ಉತ್ತರದವರು. ತೂಕ ಕಡಿಮೆ ಬೀಳಬಾರದೆಂದು ಎಲ್ಲರೂ ಬಾಳೆಹಣ್ಣು ತಿನ್ನುತ್ತಿದ್ದರು. ಸಿಪ್ಪೆಯ ಬುಟ್ಟಿ ತುಂಬಿ ಹರಿದಿತ್ತು. ನಮ್ಮೂರ ದನದ ಸಂತೆಯಲ್ಲಿ ವ್ಯಾಪಾರಕ್ಕೆ ಮೊದಲು ದನಕ್ಕೆ ನೀರು ಕುಡಿಸುತ್ತಾರೆ. ನಾನೂ ಒಂದು ಡಜನ್ ತರಿಸಿ ತಿಂದೆ.

ಈರಪ್ಪ ಮಾಮಾ ರಸ್ತೆಯಾಚೆ ಚಹಾದ ಅಂಗಡಿಯಲ್ಲಿ ಕೂತಿದ್ದ. ಅವನ ಹೆಸರು, ಅವರ ಅಪ್ಪನ ಹೆಸರು, ಹುಟ್ಟಿದ ವರ್ಷ ಎಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಒಳಗಿನಿಂದ "ಈರಪ್ಪಾ" ಎಂದು ಕೂಗಿದರು. ಹಿರಿಯರನ್ನು ಯಾರಾದರೂ ಹೆಸರು ಹಿಡಿದು ಕರೆದರೆ ಅವರು ಎಲ್ಲಿದ್ದಾರೆ ಎಂದು ಹುಡುಕುವುದು ನಮಗೆ ರೂಢಿ. ನಾನು ಎದ್ದು ಬಾಗಿಲಿಗೆ ಬಂದು, "ಮಾಮಾ, ನಿನ್ನ ಕರ್ಯಾಕತ್ತಾರ" ಎಂದು ರಸ್ತೆಯಾಚೆಗೆ ಕೂಗಿಬಿಟ್ಟೆ. ಮಾಮಾ ಚಹಾದ ಕಪ್ಪುಬಸಿಯ ಹಿಂದೆ ಮುಖ ಮುಚ್ಚಿಕೊಂಡ. ಪುಣ್ಯಕ್ಕೆ ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ನಾನು ಒಳಗೆ ಹೋದೆ.

ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿದರು. "ಸಾಂಸ್ ರೋಕೋ" ಎಂದರು. ಉಸಿರು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರುಂಟೇ? ಫೋಟೋ ಮುಗಿದರೂ ಬಿಡಲಿಲ್ಲ. "ಛೋಡೋ ಭಾಯಿ, ಹೋ ಗಯಾ" ಎಂದು ಅವರು ಬೆನ್ನು ತಟ್ಟಬೇಕಾಯಿತು.

ಟಿಟ್ವಾಳಾ

ಎಕ್ಸ್‌ರೇಯ ಫಲಿತಾಂಶ ಬರಲು ಕೆಲವು ದಿನ ಬೇಕಿತ್ತು. ಅಷ್ಟರಲ್ಲಿ ಟಿಟ್ವಾಳಾದ ಗಣಪತಿಗೆ ಹೋಗಿ ಬರಬೇಕೆಂದು ಅಕ್ಕ ಹಟ ಹಿಡಿದಳು. ಕಲ್ಯಾಣ ದಾಟಿದ ಮೇಲೆ ಗದ್ದೆಗಳು, ಹಸಿರು, ಒಳ್ಳೆಯ ಗಾಳಿ. ನಾನು ಕರ್ಚೀಫು ಬಿಚ್ಚಿ, "ಇದು ನೋಡ್ರಿ ಗಾಳಿ, ನಮ್ಮೂರಾಗ ಹಿಂಗಽ" ಎಂದು ಭಾಷಣ ಶುರು ಮಾಡಿದೆ.

ಬರುವಾಗ ಗಾಡಿ ತಪ್ಪುತ್ತದೆಂದು ಎಲ್ಲರೂ ಓಡಿದೆವು. ಈರಪ್ಪ ಮಾಮಾ ಕೆಮ್ಮುತ್ತ ಕೆಮ್ಮುತ್ತಲೇ ಎಲ್ಲರಿಗಿಂತ ಮುಂದೆ ಓಡಿದ. ಅಕ್ಕ, ಸುಮಾ ಅವನ ಹಿಂದೆ. ಡ್ರಿಲ್ ಮಾಸ್ತರ ಮಾತ್ರ ಸ್ಟೇಷನ್ನಿಗೆ ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಬಾಯಿಂದ ಉಸಿರು ಬಿಡುತ್ತಿದ್ದ. ನಮಗೆ ಆ ಗಾಡಿ ತಪ್ಪಿದ್ದು ನನ್ನ ದೆಸೆಯಿಂದ. ನೀರು ಬದಲಾಗಿದೆ, ಅದಕ್ಕೇ ಹೀಗೆ ಎಂದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅದು ಪ್ರಸಾದದ ಮೋದಕ ಹೆಚ್ಚಾಗಿ ತಿಂದದ್ದಕ್ಕೆ ಎಂದೆ. ಎಲ್ಲದಕ್ಕೂ ನನ್ನ ಹತ್ತಿರ ಕಾರಣ ತಯಾರಿತ್ತು.

ಠಾಣೆ, ಎರಡನೆಯ ಸಲ

ಏಜಂಟನ ಮನುಷ್ಯ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಹೆಸರು ಕರೆದು ಹೇಳುತ್ತಿದ್ದ. ನಾನೂ ಮಾಮಾನೂ ಜೊತೆಗೇ ನಿಂತಿದ್ದೆವು.

"ಈರಪ್ಪಾ, ಅನ್‌ಫಿಟ್. ಛಾತೀ ಮೇ ದಾಗ್ ಹೈ. ಟಿ.ಬಿ. ಕಾ ಇಲಾಜ್ ಕರೋ."

ಎದೆಯಲ್ಲಿ ಕಲೆಯಿದೆ, ಟಿ.ಬಿ.ಗೆ ಔಷಧಿ ಮಾಡಿಸು ಎಂದು. ಮಾಮಾ ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತ. ಈ ಮಾತಿಗಾಗಿ ಅವನು ಎಷ್ಟೋ ವರ್ಷದಿಂದ ಹೆದರಿಕೊಂಡು ಕಾಯುತ್ತಿದ್ದ. ಅವನ ಹೆಸರಿಗೇ ಬಂದಾಗ ಅವನದೇ ಎಂದುಕೊಂಡ. ನಾನಾದರೂ ಯೋಚಿಸಬೇಡವೇ? ಅವನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯಾ ತಗೋ ಮಾಮಾ, ಈಗ ಎಂಥೆಂಥಾ ಔಷಧಿ ಬಂದಾವ" ಎಂದು ಸಮಾಧಾನ ಹೇಳಿದೆ. ಕಣ್ಣೀರು ಒರೆಸಿದೆ. ಲೋಕಲ್‌ನಲ್ಲಿ "ಪೇಷಂಟ್ ಹೈ, ಟಿ.ಬಿ. ಹೈ" ಎಂದು ಹೇಳಿ ಅವನಿಗೆ ಸೀಟು ಕೊಡಿಸಿದೆ. ಸುತ್ತಲಿನವರೆಲ್ಲ ಎದ್ದುಹೋಗಿ ನನಗೂ ಜಾಗ ಸಿಕ್ಕಿತು.

ಸುದ್ದಿ ಕೇಳಿ ಅಕ್ಕ ಗೋಡೆಗೆ ತಲೆ ಹಚ್ಚಿ ಅತ್ತಳು. ಆಮೇಲೆ ಎದ್ದು ಮಾಮಾನಿಗೆ ಹಾಸಿಗೆ ಹಾಸಿದಳು, ಗಂಜಿ ಕಾಸಿದಳು, ಒಂದು ತಾಟು, ಒಂದು ಲೋಟ ಬೇರೆ ಇಟ್ಟಳು. ಶೀನಣ್ಣ ಬಂದು ಬಾಗಿಲಲ್ಲೇ ನಿಂತು, "ಮಂಗಳೂರಲ್ಲಿ ಒಳ್ಳೇ ಆಸ್ಪತ್ರೆ ಉಂಟು ಈರಪ್ಪನವರೇ, ಹೆದರಬೇಡಿ" ಎಂದರು. ನಾನು ಮಾಮಾನ ಕಾಲು ಒತ್ತುತ್ತಿದ್ದೆ. ಮಾಮಾ ಹಾಸಿಗೆಯಲ್ಲಿ ಮಲಗಿ ಇಷ್ಟು ವರ್ಷ ಇಲ್ಲದ ಎದೆನೋವು ಈಗ ಬರುತ್ತಿದೆ ಎನ್ನುತ್ತಿದ್ದ.

ಸುಮಾ ಶಾಲೆಯಿಂದ ಬಂದು ಚೀಲ ಇಳಿಸಿದಳು. ನಡೆದದ್ದನ್ನೆಲ್ಲ ಕೇಳಿದಳು. ಆಮೇಲೆ ನನ್ನ ಕಡೆ ಬೆರಳು ಮಾಡಿ ಅಂದಳು: "ಪಣ್ ಆಯೀ, ಹೇ ಬಾಬಾಂಚ ನಾಹೀಚ್. ಹೇ ತರ್ ಯಾಂಚ ಆಹೇ."

ಆದರೆ ಅವ್ವಾ, ಇದು ಅಪ್ಪನದು ಅಲ್ಲವೇ ಅಲ್ಲ, ಇದು ಇವರದು.

ನನ್ನ ಕೈ ಮಾಮಾನ ಕಾಲಿನ ಮೇಲೇ ನಿಂತಿತು. ಮಾಮಾ ಮೆಲ್ಲಗೆ ಎದ್ದು ಕೂತ. ಅಕ್ಕ ಬೇರೆ ಇಟ್ಟಿದ್ದ ತಾಟು, ಲೋಟ ಎತ್ತಿಕೊಂಡಳು. ಎತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು, ಆಮೇಲೆ ತಂದು ನನ್ನ ಮುಂದೆ ಇಟ್ಟಳು. ಆ ಲೋಟದಲ್ಲೇ ನೀರು ಕುಡಿದೆ.

ಡೊಂಬಿವಲಿ, ಬಹಳ ದಿನ

ಸರಕಾರಿ ದವಾಖಾನೆಗೆ ಇಬ್ಬರೂ ಹೋದೆವು, ಈ ಸಲ ಅವರವರ ಹೆಸರಿನಲ್ಲಿ. ನನ್ನದು ಜೋರಾಗಿಯೇ ಇದ್ದ ಕ್ಷಯ. ಮಾಮಾನ ಎದೆ ಸ್ವಚ್ಛ. ಅಲ್ಲಿನ ಡಾಕ್ಟರಮ್ಮ ಅವನ ಗಂಟಲು ನೋಡಿ, ಇದು ಘಾಟಿನಿಂದ ಆದದ್ದು, ಆ ಕಾರ್ಖಾನೆ ಬಿಡಲಿ, ತಾನೇ ವಾಸಿಯಾಗುತ್ತದೆ, ಬಿಡದಿದ್ದರೆ ಮುಂದೆ ಎದೆಗೂ ಇಳಿಯುತ್ತದೆ ಎಂದರು. ತನ್ನ ಸ್ವಂತ ಎದೆ ತೆಗೆದುಕೊಂಡು ಹೋಗಿದ್ದರೆ ಈರಪ್ಪ ಮಾಮಾ ಅಷ್ಟೊತ್ತಿಗೆ ವಿಮಾನದಲ್ಲಿರುತ್ತಿದ್ದ.

ಶೀನಣ್ಣ ಏಜಂಟನ ಹತ್ತಿರ ಹೋಗಿ ಬಂದರು. ಮಾಮಾ ಫಿಟ್ ಇದ್ದಾನೆ ಎಂದು ಹೇಳಬೇಕಾದರೆ ಮೊದಲು ನಿಂತವನು ಮಾಮಾ ಅಲ್ಲ ಎಂದು ಹೇಳಬೇಕು. ಹೇಳಿದರು. ಏಜಂಟ್ ಬಾಗಿಲು ತೋರಿಸಿದನಂತೆ. ಆ ಕೆಲಸಕ್ಕೆ ಅವನು ಅಷ್ಟರಲ್ಲಿ ಬೇರೆ ಯಾರನ್ನೋ ಕಳಿಸಿಯೂ ಆಗಿತ್ತು.

ಕ್ಷಯ ಎಂದು ಊರಿಗೆ ಗೊತ್ತಾದರೆ ಶಾಲೆಯಲ್ಲಿ ನನ್ನನ್ನು ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ಆದ್ದರಿಂದ ನಾನು ಅರಬ್ಬರ ದೇಶಕ್ಕೆ ಹೋದೆ ಎಂದು ಅಕ್ಕ ಅವ್ವನಿಗೆ ಹೇಳಿ ಕಳಿಸಿದಳು. ವರ್ಷದ ಮೇಲೆ ಅಲ್ಲೇ ಇದ್ದೆ. ದಿನಾ ಚುಚ್ಚುಮದ್ದು, ಮುಷ್ಟಿ ಗುಳಿಗೆ. ತತ್ತಿ ತಿನ್ನಬೇಕೆಂದರು ಡಾಕ್ಟರಮ್ಮ. ಲಿಂಗ ಕಟ್ಟಿದ ನಮ್ಮ ಮನೆತನದಲ್ಲಿ ಯಾರೂ ತತ್ತಿ ಒಡೆದವರಲ್ಲ. ಅಕ್ಕ ಶೀನಣ್ಣನ ಹೆಂಡತಿಯಿಂದ ತಂದು, ಮೂಗಿಗೆ ಸೆರಗು ಒತ್ತಿ, ಮುಖ ಆಚೆ ತಿರುಗಿಸಿ ಹಾಲಿಗೆ ಒಡೆದು ಹಾಕುತ್ತಿದ್ದಳು. ಅರ್ಧ ಸಿಪ್ಪೆಯೂ ಬೀಳುತ್ತಿತ್ತು. ನಾನು ಅಗಿದು ತಿನ್ನುತ್ತಿದ್ದೆ.

ನನ್ನ ಕೆಮ್ಮು ಕೆಲವೇ ವಾರಗಳಲ್ಲಿ ನಿಂತಿತು. ಮಾಮಾನ ಕೆಮ್ಮು ನಿಲ್ಲಲಿಲ್ಲ. ನನ್ನ ಹಾಲು, ತತ್ತಿಗಾಗಿ ಅವನು ಓವರ್‌ಟೈಮ್ ಹೆಚ್ಚು ಮಾಡುತ್ತಿದ್ದ, ಓವರ್‌ಟೈಮ್ ಹೆಚ್ಚಾದಷ್ಟೂ ಕೆಮ್ಮು ಹೆಚ್ಚುತ್ತಿತ್ತು. ಹಳದಿ ಕೈಯಿಂದ ನನಗೆ ಮೋಸಂಬಿ ಸುಲಿದು ಕೊಡುತ್ತಿದ್ದ. ಅದನ್ನು ತಿನ್ನಲು ನನಗೆ ನಾಚಿಕೆಯಾಗುತ್ತಿತ್ತು. ಬದುಕಬೇಕೆಂಬ ಆಸೆ ಅದಕ್ಕಿಂತ ದೊಡ್ಡದಿತ್ತು, ತಿಂದೆ.

ಒಮ್ಮೆ ತಡೆಯಲಾಗದೆ ಹೇಳಿದೆ: "ಮಾಮಾ, ನಾ ಬರದಿದ್ರ ನೀ ಪಾರಾಗ್ತಿದ್ದಿ."

"ನೀ ಬರದಿದ್ರ ನೀ ಅಂಗಳದಾಗ ನಮಸ್ಕಾರಾ ಹಾಕ್ಕೋತ ಸಾಯ್ತಿದ್ದಿ," ಎಂದ. "ಸುಮ್ನ ತಿನ್ನು. ಮುಂದಿನ ಸಲ ನಂದಽ ಎದೀ ಒಯ್ತೀನಿ."

ಒಯ್ದ. ನನ್ನ ಗುಳಿಗೆ ಮುಗಿಯುತ್ತ ಬಂದ ಕಾಲಕ್ಕೆ ಶೀನಣ್ಣ ಇನ್ನೊಬ್ಬ ಏಜಂಟನನ್ನು ಹುಡುಕಿಕೊಟ್ಟರು. ಈ ಸಲ ಮಾಮಾ ತಾನೇ ಅಂಗಿ ಬಿಚ್ಚಿ ನಿಂತ. ಡಾಕ್ಟರು ಎಕ್ಸ್‌ರೇಯವರೆಗೆ ಹೋಗಲೇ ಇಲ್ಲವಂತೆ. ಬೆನ್ನಿಗೆ ನಳಿಗೆಯಿಟ್ಟು ಉಸಿರು ಕೇಳಿದರು, ಇನ್ನೊಮ್ಮೆ ಕೇಳಿದರು, ಅಂಗಿ ಹಾಕಿಕೊಳ್ಳಿ ಎಂದರು. ಗಂಟಲಲ್ಲಿದ್ದದ್ದು ಎದೆಗೆ ಇಳಿದಿತ್ತು. ಮನೆಗೆ ಬಂದು ಇಷ್ಟು ಹೇಳಿ ಮಾಮಾ ಪಾಳಿಗೆ ಹೋದ. ನಾನು ಆ ದಿನ ತತ್ತಿ ಮುಟ್ಟಲಿಲ್ಲ. ಅಕ್ಕ ಬೈದು ತಿನ್ನಿಸಿದಳು.

ಕಲ್ಯಾಣ, ಎರಡನೆಯ ಸಲ

ನಾನು ಊರಿಗೆ ಹೊರಟ ದಿನ ಈರಪ್ಪ ಮಾಮಾ ಪಾಳಿಯಿಂದ ನೇರ ಕಲ್ಯಾಣಕ್ಕೆ ಬಂದ. ಗಾಡಿ ನಿಲ್ಲುವ ಮೊದಲೇ ನುಗ್ಗಿ, ಕಿಟಕಿಯ ಹತ್ತಿರ ಟವೆಲ್ ಹಾಸಿ ನನಗೆ ಜಾಗ ಹಿಡಿದ. ಟ್ರಂಕು ಮೇಲೆ ಏರಿಸುವಾಗ ಕೆಮ್ಮು ಹತ್ತಿತು. ಬಹಳ ಹೊತ್ತು ಕೆಮ್ಮಿದ, ಸೀಟಿನ ಅಂಚು ಹಿಡಿದುಕೊಂಡು. ನಾನು ಎದ್ದು ಬೆನ್ನು ಸವರಿದೆ. ಅವನು ಕೈಸನ್ನೆಯಲ್ಲೇ ಕೂರು ಎಂದ.

"ಮಾಮಾ, ನನ್ನ ಜೋಡಿ ಬಂದುಬಿಡು. ಊರಾಗ ಏನರೆ ಮಾಡೂಣು" ಎಂದೆ.

"ಸುಮಾನ ಮ್ಯಾಟ್ರಿಕ್ ಆಗ್ಲಿ" ಎಂದ. ಕೆಳಗಿಳಿದು ಕಿಟಕಿಯ ಸಲಾಕೆ ಹಿಡಿದು ನಿಂತ. ಗಾಡಿ ಹೊರಟಾಗ ಸಲಾಕೆ ಬಿಟ್ಟ.

ಎದುರಿಗೆ ಕೂತವರು ಅಥಣಿಯ ಬೆಲ್ಲದ ವ್ಯಾಪಾರಿ. ಅಷ್ಟು ಹೊತ್ತು ಬಾಯಿಗೆ ಧೋತರದ ಚುಂಗು ಹಿಡಿದು ಕೂತಿದ್ದವರು ಈಗ ಅದನ್ನು ಬಿಟ್ಟು ನನ್ನ ಕಡೆ ವಾಲಿದರು.

"ಅವ್ರು ನಿಮ್ಮ ಅಣ್ಣಾರೇನ್ರಿ? ಬ್ಯಾಸರಾ ಮಾಡ್ಕೋಬ್ಯಾಡ್ರಿ, ಆ ಕೆಮ್ಮು ಛಲೋ ಅಲ್ಲ. ಟಿ.ಬಿ. ಇರಬೇಕು. ಇಳದ ಹ್ವಾದ್ರು, ಛಲೋನ ಆತು. ನೀವು ಹುಷಾರಿರ್ರಿ. ನಿಮ್ಮ ಮೈ ನೋಡ್ರಿ, ಎಷ್ಟ ಗಟ್ಟಿ ಐತಿ."

"ಅವಗ ಟಿ.ಬಿ. ಇಲ್ರಿ," ಎಂದೆ. "ಟಿ.ಬಿ. ಇದ್ದದ್ದು ನನಗ. ಅಂವಾ ಬಣ್ಣಾ ಮಾಡ್ತಾನ."

ಅವರು ನನ್ನ ಮುಖ ನೋಡಿದರು. ಆಮೇಲೆ ಬುತ್ತಿಯ ಗಂಟು ಎತ್ತಿಕೊಂಡು ಆಚೆಯ ಸೀಟಿಗೆ ಹೋದರು. ಅವರ ಪಕ್ಕದಲ್ಲಿದ್ದವರೂ ಹೋದರು. ಮೀರಜಿನವರೆಗೆ ಕಾಲು ಚಾಚಿ ಮಲಗುವಷ್ಟು ಜಾಗವಾಯಿತು. ನಾನು ಮಾಮಾ ಹಾಸಿಕೊಟ್ಟ ಟವೆಲ್ಲಿನ ಮೇಲೆ, ಅದರ ಅಗಲದಷ್ಟೇ ಜಾಗದಲ್ಲಿ, ಕೂತೇ ಹೋದೆ.